ಒಂದೇ ತಲೆಗೆ ಮುಗಿದ ಮಾರ್ಕ್ವೆಸ್ ಪದವಿ

ಮಾರ್ಕ್ವೆಸ್ ವೆಲ್ಲೆಸ್ಲಿ ಎಂಬ ಪದವಿ ಹುಟ್ಟಿದ್ದು 1799ರ ಡಿಸೆಂಬರಿನಲ್ಲಿ. ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದದ್ದೇ ಅದರ ಮೂಲ. ಆ ಯುದ್ಧವನ್ನು ಮುಂದೆ ನಿಂತು ನಡೆಸಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಆಗ ಐರ್ಲೆಂಡಿನ ಮಾರ್ನಿಂಗ್ಟನ್ ಮನೆತನದ ಎರಡನೆಯ ಅರ್ಲ್ ಆಗಿದ್ದ. ಬ್ರಿಟಿಷ್ ಪದವಿಗಳಲ್ಲಿ ಡ್ಯೂಕ್ ಎಲ್ಲಕ್ಕಿಂತ ಮೇಲು. ಆಮೇಲೆ ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ಹಾಗೆ ನೋಡಿದರೆ ವೆಲ್ಲೆಸ್ಲಿಗೆ ಒಂದು ಮೆಟ್ಟಿಲಿನ ಬಡ್ತಿಯೇ ಸಿಕ್ಕಿತ್ತು.

ಆದರೆ ಅವನಿಗೆ ತೃಪ್ತಿಯಾಗಲಿಲ್ಲ. ಕೊಟ್ಟದ್ದು ಐರ್ಲೆಂಡಿನ ಪದವಿ, ಗ್ರೇಟ್ ಬ್ರಿಟನ್ನಿನದಲ್ಲ. ಐರಿಷ್ ಪದವಿಯ ಬಲದಿಂದ ಲಂಡನ್ನಿನ ಲಾರ್ಡ್ಸ್ ಸಭೆಯಲ್ಲಿ ಕೂರಲು ಹಕ್ಕಿರಲಿಲ್ಲ; ಅಲ್ಲಿ ಅವನ ಆಸನಕ್ಕೆ ಆಧಾರವಾಗಿದ್ದುದು 1797ರಲ್ಲಿ ದೊರೆತ ಬ್ಯಾರನ್ ಪದವಿ. ಹೊಸ ಗೌರವವನ್ನು ಅವನು ಚಿನ್ನದ ಮುಲಾಮು ಹಚ್ಚಿದ ಆಲೂಗಡ್ಡೆ ಎಂದು ಹಳಿದ. ಶ್ರೀರಂಗಪಟ್ಟಣದ ಲೂಟಿಯಿಂದ ಕೊಡಲು ಬಂದ 1,00,000 ಪೌಂಡುಗಳನ್ನು ಒಲ್ಲೆನೆಂದ. ಟಿಪ್ಪುವಿನ ಖಜಾನೆಯ ರತ್ನಗಳನ್ನು ಕೂಡಿಸಿ ಸೇನೆ ಅವನಿಗಾಗಿ ಸೇಂಟ್ ಪ್ಯಾಟ್ರಿಕ್ ಪದಕದ ನಕ್ಷತ್ರವನ್ನು ಮಾಡಿಸಿತು. ಸೋತ ದೊರೆಯ ಒಡವೆ ಗೆದ್ದವನ ಎದೆಯ ಅಲಂಕಾರವಾದ ಈ ಸಂಗತಿ ಕನ್ನಡ ನಾಡಿನ ಓದುಗರಿಗೆ ನೋವು ತರುವಂಥದ್ದು.

ಈ ಪದವಿ ಔರಸ ಗಂಡುಮಕ್ಕಳಿಗೆ ಮಾತ್ರ ಸಲ್ಲುವಂಥದ್ದು. ವೆಲ್ಲೆಸ್ಲಿಗೆ ಮಕ್ಕಳಿಗೇನೂ ಕೊರತೆಯಿರಲಿಲ್ಲ. ಫ್ರೆಂಚ್ ನಟಿ ಹ್ಯಾಸಿಂತ್ ರೋಲಾಂಳಿಂದ ಮೂವರು ಗಂಡು, ಇಬ್ಬರು ಹೆಣ್ಣು. ಆದರೆ ಐವರೂ ಹುಟ್ಟಿದ್ದು 1794ರ ಮದುವೆಗೆ ಮೊದಲು. ತಂದೆತಾಯಿ ಆಮೇಲೆ ಮದುವೆಯಾದರೂ ಮೊದಲೇ ಹುಟ್ಟಿದವರನ್ನು ಆಗಿನ ಇಂಗ್ಲಿಷ್ ಕಾನೂನು ಔರಸರೆಂದು ಒಪ್ಪುತ್ತಿರಲಿಲ್ಲ. ಹ್ಯಾಸಿಂತ್ 1816ರಲ್ಲಿ ತೀರಿಕೊಂಡ ಮೇಲೆ, 1825ರಲ್ಲಿ ಅವನು ಅಮೆರಿಕದ ಮೇರಿಯಾನ್ ಪ್ಯಾಟರ್ಸನ್‌ಳನ್ನು ಮದುವೆಯಾದ. ಆ ದಾಂಪತ್ಯದಲ್ಲಿ ಮಕ್ಕಳಾಗಲಿಲ್ಲ.

1842ರ ಸೆಪ್ಟೆಂಬರ್ 26ರಂದು ವೆಲ್ಲೆಸ್ಲಿ ಸತ್ತಾಗ ಪಾದ್ರಿಯಾಗಿದ್ದ ಕಿರಿಯ ಮಗ ಹೆನ್ರಿ ಇನ್ನೂ ಬದುಕಿದ್ದ. ಮಗ ಕಣ್ಣೆದುರೇ ಇದ್ದರೂ ವಾರಸುದಾರನಿಲ್ಲವೆಂದಾಯಿತು. ಹುಟ್ಟಿನ ಹೊತ್ತನ್ನು ಆರಿಸಿಕೊಳ್ಳದ ಮಕ್ಕಳಿಗೆ ಇದು ದೊಡ್ಡ ಅನ್ಯಾಯವೇ ಸರಿ. ಮಾರ್ಕ್ವೆಸ್ ಪದವಿ ಅಲ್ಲಿಗೆ ಅಳಿಯಿತು. 1797ರ ಬ್ಯಾರನ್ ಪದವಿಯೂ ಅದರೊಂದಿಗೇ ಹೋಯಿತು.

ಅಪ್ಪನಿಂದ ಬಂದಿದ್ದ ಮಾರ್ನಿಂಗ್ಟನ್ ಅರ್ಲ್ ಪದವಿ ಮಾತ್ರ ಉಳಿಯಿತು. ಅದು ತಮ್ಮ ವಿಲಿಯಮ್‌ನ ಪಾಲಾಯಿತು. 1863ರಲ್ಲಿ ಅವನ ವಂಶವೂ ನಿಂತಾಗ ಇನ್ನೊಬ್ಬ ತಮ್ಮ ಆರ್ಥರನ ಮಗನಿಗೆ ಸಂದಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ವಹಿಸಿಕೊಂಡು, ಮುಂದೆ ವೆಲಿಂಗ್ಟನ್ನಿನ ಮೊದಲ ಡ್ಯೂಕ್ ಆದವನೇ ಈ ಆರ್ಥರ್. ಆ ಅರ್ಲ್ ಪದವಿ ಇಂದಿಗೂ ವೆಲಿಂಗ್ಟನ್ ಡ್ಯೂಕರ ಮನೆತನದಲ್ಲೇ ಇದೆ.