ಕಲ್ಪಿತ ನಾಳೆಯ ಹಳೆಯ ವಸ್ತುಗಳು

ಮಾನವನು ಕಣ್ಣೆದುರಿಗಿರುವ ಲೋಕದಿಂದ ಮಾತ್ರ ತೃಪ್ತನಾಗುವವನಲ್ಲ. ಇಲ್ಲದ ಲೋಕಗಳನ್ನು ಕಲ್ಪಿಸಿಕೊಂಡು, ಅವುಗಳಿಗೆ ಆಕಾರ ಕೊಟ್ಟು ನೋಡುವುದು ಅವನ ಸ್ವಭಾವ. ನಾಟಕದ ರಾಜನಿಗೆ ರಟ್ಟಿನ ಕಿರೀಟವೂ ಮರದ ಖಡ್ಗವೂ ದೊರೆತದ್ದು ಈ ಸ್ವಭಾವದಿಂದಲೇ. ಇಂತಹ ವಸ್ತುಗಳನ್ನು ರಂಗಪರಿಕರಗಳೆಂದು ಕರೆಯುತ್ತೇವೆ. ಇಂದು ನಾಟಕ, ಚಲನಚಿತ್ರಗಳಂತೆ ವಿಡಿಯೋ ಆಟಗಳೂ ಹೊಸ ಲೋಕಗಳನ್ನು ಸೃಷ್ಟಿಸುತ್ತಿವೆ. ಪರದೆಯ ಮೇಲೆ ಮಾತ್ರ ಕಾಣುವ ಆ ಲೋಕದ ವಸ್ತುಗಳನ್ನು ರಟ್ಟು, ಕಾಗದ, ಅಂಟು, ಬಣ್ಣಗಳಿಂದ ಮನೆಯಲ್ಲಿಯೇ ತಯಾರಿಸುವ ಹವ್ಯಾಸ ಹಲವು ದೇಶಗಳಲ್ಲಿ ಬೆಳೆದಿದೆ. ಅದರಲ್ಲಿಯೂ ಮಹಾವಿನಾಶದ ಅನಂತರದ ಜಗತ್ತನ್ನು ಚಿತ್ರಿಸುವ ಆಟಗಳ ಪರಿಕರಗಳನ್ನು ಮಾಡುವ ಕಲೆ ಬಹು ಕುತೂಹಲಕರವಾದುದು.

1997ರಲ್ಲಿ ಅಮೆರಿಕದಲ್ಲಿ ‘ಫಾಲ್‌ಔಟ್’ ಎಂಬ ಆಟವೊಂದು ಹೊರಬಂದಿತು. ಅಣುಬಾಂಬು ಸಿಡಿದ ಬಳಿಕ ಆಕಾಶದಿಂದ ಉದುರುವ ವಿಕಿರಣಭರಿತ ಧೂಳಿಗೆ ಇಂಗ್ಲಿಷಿನಲ್ಲಿ ಈ ಹೆಸರುಂಟು. ಆಟದ ಕಥೆಯಂತೆ 2077ನೆಯ ಇಸವಿಯ ಅಕ್ಟೋಬರ್ 23ರಂದು ಅಣುಯುದ್ಧವಾಗಿ ನಗರಗಳೆಲ್ಲ ಹಾಳಾಗುತ್ತವೆ. ನೆಲದಡಿಯ ಆಶ್ರಯಗಳಲ್ಲಿ ಉಳಿದುಕೊಂಡವರ ಸಂತತಿಯವರು ಎಷ್ಟೋ ವರ್ಷಗಳ ಮೇಲೆ ಹೊರಬಂದು, ಪಾಳುಬಿದ್ದ ನೆಲದಲ್ಲಿ ಬಾಳಿನ ದಾರಿಯನ್ನು ಹುಡುಕುತ್ತಾರೆ. ಹಳೆಯ ನೋಟುಗಳಿಗೆ ಅಲ್ಲಿ ಹಿಂದಿನ ಬೆಲೆಯಿಲ್ಲ; ತಂಪು ಪಾನೀಯದ ಸೀಸೆಗಳ ಮುಚ್ಚಳಗಳೇ ಹಣವಾಗಿ ಚಲಾವಣೆಯಾಗುತ್ತವೆ. ಇದೇ ಸರಣಿಯ ಮೂರನೆಯ ಆಟ 2008ರಲ್ಲಿಯೂ ನಾಲ್ಕನೆಯದು 2015ರಲ್ಲಿಯೂ ಬಂದವು. 2024ರಲ್ಲಿ ಈ ಲೋಕ ಧಾರಾವಾಹಿಯ ರೂಪವನ್ನೂ ತಾಳಿತು.

ಈ ಲೋಕದ ವಸ್ತುಗಳಿಗೆ ಒಂದು ವೈಶಿಷ್ಟ್ಯವಿದೆ. 1950ರ ದಶಕದ ಅಮೆರಿಕದ ಜನ ಭವಿಷ್ಯವನ್ನು ಹೇಗೆ ಕನಸು ಕಂಡಿದ್ದರೋ ಹಾಗೆಯೇ ಇಲ್ಲಿನ ಭವಿಷ್ಯ ರೂಪುಗೊಂಡಿದೆ. ಗುಂಡನೆಯ ಮೂಲೆಗಳ ಯಂತ್ರಗಳು, ತಿರುಗಿಸುವ ದೊಡ್ಡ ಗುಂಡಿಗಳು, ಹಸಿರು ಬೆಳಕು ಬೀರುವ ಪರದೆಗಳು ಎಲ್ಲೆಡೆ ಕಾಣುತ್ತವೆ. ಎಲ್ಲದರ ಮೇಲೂ ತುಕ್ಕು, ಧೂಳು, ಮಸಿ. ಆದುದರಿಂದ ಇವುಗಳ ತಯಾರಿಕೆಗೆ ಬೆಲೆಬಾಳುವ ಸಾಮಗ್ರಿ ಬೇಕಿಲ್ಲ. ನಾವು ಎಸೆಯುವ ವಸ್ತುಗಳೇ ಇಲ್ಲಿ ಬಂಡವಾಳ.

ಮೊದಲು ಮುಚ್ಚಳವನ್ನೇ ತೆಗೆದುಕೊಳ್ಳೋಣ. ಗಾಜಿನ ಸೀಸೆಗೆ ಹಾಕುವ ತಗಡಿನ ಮುಚ್ಚಳದ ಅಂಚಿನಲ್ಲಿ ಸಾಮಾನ್ಯವಾಗಿ 21 ಹಲ್ಲುಗಳಿರುತ್ತವೆ, ಎಣಿಸಿ ನೋಡಬಹುದು. ಮುಚ್ಚಳದ ಅಳತೆಗೆ ಕಾಗದವನ್ನು ವೃತ್ತಾಕಾರವಾಗಿ ಕತ್ತರಿಸಿ, ಆಟದಲ್ಲಿರುವ ಪಾನೀಯದ ಚಿಹ್ನೆಯನ್ನು ಅದರ ಮೇಲೆ ಬರೆದು ಅಂಟಿಸಬೇಕು. ಇಷ್ಟಾದರೆ ಅದು ಹೊಸ ಮುಚ್ಚಳವಾಯಿತು. ಅದಕ್ಕೆ ಮುಪ್ಪು ಬರಿಸುವುದೇ ನಿಜವಾದ ಕೆಲಸ. ಇಲ್ಲಿ ರಸಾಯನಶಾಸ್ತ್ರ ನಮ್ಮ ನೆರವಿಗೆ ಬರುತ್ತದೆ. ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಕೂಡಿದಾಗ ತುಕ್ಕು ಹಿಡಿಯುತ್ತದೆಯೆಂದು ನೀವು ಓದಿದ್ದೀರಿ. ಮುಚ್ಚಳದ ಕಬ್ಬಿಣಕ್ಕೆ ತುಕ್ಕು ತಗಲದಿರಲೆಂದು ತೆಳುವಾದ ಲೋಹದ ಲೇಪ ಕೊಟ್ಟಿರುತ್ತಾರೆ. ಚೀಟಿಯನ್ನು ಅಂಟಿಸುವ ಮೊದಲೇ ಮರಳುಕಾಗದದಿಂದ ಉಜ್ಜಿ ಈ ಲೇಪವನ್ನು ಅಲ್ಲಲ್ಲಿ ತೆಗೆದು, ಮುಚ್ಚಳವನ್ನು ಉಪ್ಪು ಬೆರೆಸಿದ ವಿನಿಗರಿನಲ್ಲಿ ನೆನೆಸಿ, ಗಾಳಿಗೆ ಇಡಬೇಕು. ಆಮ್ಲವು ಲೋಹದ ಮೇಲ್ಮೈಯನ್ನು ಕೊರೆಯುತ್ತದೆ. ಉಪ್ಪು ತುಕ್ಕಿನ ಕ್ರಿಯೆಯನ್ನು ತ್ವರಿತಗೊಳಿಸುತ್ತದೆ. ಪ್ರಕೃತಿಗೆ ಹಲವು ತಿಂಗಳು ಬೇಕಾಗುವ ಕಾರ್ಯ ಹೀಗೆ ಕೆಲವೇ ದಿನಗಳಲ್ಲಿ ನಡೆದುಹೋಗುತ್ತದೆ.

ಸೀಸೆಯ ಚೀಟಿಗೂ, ನಾಶವಾದ ನಗರದ ಪತ್ರಗಳಿಗೂ ಹಳೆಯ ಬಣ್ಣ ಬರಿಸಲು ಚಹಾದ ಡಿಕಾಕ್ಷನ್ ಸಾಕು. ಚಹಾದಲ್ಲಿರುವ ಟ್ಯಾನಿನ್ ಎಂಬ ದ್ರವ್ಯ ಕಾಗದದ ನಾರುಗಳಿಗೆ ಹತ್ತಿಕೊಂಡು ಅದಕ್ಕೆ ಕಂದು ಬಣ್ಣ ಕೊಡುತ್ತದೆ. ಅಂಚುಗಳನ್ನು ಕತ್ತರಿಯಿಂದ ಕತ್ತರಿಸದೆ ಬೆರಳಿನಿಂದ ಹರಿದರೆ ಕಾಗದ ಇನ್ನೂ ಹಳೆಯದಾಗಿ ತೋರುತ್ತದೆ. ನೀರಿನಲ್ಲಿ ಕರಗದ ಶಾಯಿಯನ್ನೇ ಬಳಸಬೇಕೆಂಬುದನ್ನು ಮರೆಯಬಾರದು.

ಇವೆಲ್ಲಕ್ಕಿಂತ ಹೆಚ್ಚಿನ ಪರಿಶ್ರಮವನ್ನು ಬೇಡುವುದು ‘ಪಿಪ್‌ಬಾಯ್’ ಎಂಬ ಉಪಕರಣ. ಆಟದ ನಾಯಕನು ಮುಂಗೈಗೆ ಕಟ್ಟಿಕೊಳ್ಳುವ ಸಣ್ಣ ಗಣಕಯಂತ್ರವಿದು. ಮುಂಗೈಯ ಸುತ್ತಳತೆ ಮಣಿಕಟ್ಟಿನ ಬಳಿ ಕಿರಿದು, ಮೊಣಕೈಯ ಕಡೆಗೆ ಹಿರಿದು. ಆದುದರಿಂದ ಎರಡು ಕಡೆಯ ಅಳತೆಯನ್ನೂ ತೆಗೆದು, ಮೊದಲು ಹಳೆಯ ವೃತ್ತಪತ್ರಿಕೆಯಲ್ಲಿ ನಮೂನೆಯನ್ನು ಕತ್ತರಿಸಿಕೊಳ್ಳಬೇಕು. ಅದು ಕೈಗೆ ಸರಿಯಾಗಿ ಕೂತ ಮೇಲೆಯೇ ರಟ್ಟನ್ನು ಮುಟ್ಟಬೇಕು. ರಟ್ಟಿಗೆ ಬದಲಾಗಿ, ಮಕ್ಕಳು ಆಡಲೆಂದು ನೆಲಕ್ಕೆ ಹಾಸುವ ಮೆತ್ತನೆಯ ಫೋಮ್ ಹಾಳೆಯನ್ನೂ ಬಳಸುತ್ತಾರೆ. ಹದವಾಗಿ ಬಿಸಿಗಾಳಿ ತಗುಲಿಸಿದರೆ ಅದು ಬಾಗುತ್ತದೆ. ಆರಿದ ಮೇಲೆ ಬಾಗಿದ ಆಕಾರದಲ್ಲಿಯೇ ನಿಲ್ಲುತ್ತದೆ. ಪರದೆಯ ಸ್ಥಾನದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ತುಂಡು, ಅದರ ಹಿಂದೆ ಹಸಿರು ಅಕ್ಷರಗಳ ಕಾಗದ, ತಿರುಗುವ ಗುಂಡಿಗಳಿಗೆ ಹಲ್ಲುಪುಡಿಯ ಡಬ್ಬಿಯ ಅಥವಾ ಟೂತ್‌ಪೇಸ್ಟಿನ ಮುಚ್ಚಳಗಳು – ಹೀಗೆ ಒಂದೊಂದೇ ಅಂಗ ಕೂಡಿಕೊಳ್ಳುತ್ತದೆ. ಬಳಿಕ ಬಿಳಿಯ ಅಂಟಿಗೆ ಸ್ವಲ್ಪ ನೀರು ಬೆರೆಸಿ ಎರಡು ಮೂರು ಸಲ ಬಳಿದರೆ ಸಣ್ಣ ರಂಧ್ರಗಳು ಮುಚ್ಚಿ ಮೇಲ್ಮೈ ನಯವಾಗುತ್ತದೆ.

ಬಣ್ಣ ಹಚ್ಚುವುದರಲ್ಲಿ ಈ ಕಲೆಯ ಗುಟ್ಟು ಅಡಗಿದೆ. ಮೊದಲು ಎಲ್ಲೆಡೆ ಕಪ್ಪು. ಅದು ಒಣಗಿದ ಮೇಲೆ ಬೂದು ಅಥವಾ ಮಾಸಲು ಹಸಿರು. ಆಮೇಲೆ ಕಂದು ಮತ್ತು ಕಪ್ಪು ಬಣ್ಣಗಳನ್ನು ನೀರಿನಂತೆ ತೆಳುವಾಗಿ ಕಲಸಿ ಬಳಿದು, ಕೂಡಲೇ ಬಟ್ಟೆಯಿಂದ ಒರೆಸಬೇಕು. ಉಬ್ಬಿದ ಭಾಗದ ಬಣ್ಣ ಬಟ್ಟೆಗೆ ಹತ್ತುತ್ತದೆ. ಸಂದುಗೊಂದುಗಳಲ್ಲಿ ಮಾತ್ರ ಉಳಿದು ಕೊಳೆಯಂತೆ ಕಾಣುತ್ತದೆ. ಕೊನೆಗೆ ಹೆಚ್ಚುಕಡಿಮೆ ಒಣಗಿದ ಕುಂಚದಿಂದ ಬೆಳ್ಳಿಯ ಬಣ್ಣವನ್ನು ಅಂಚುಗಳಿಗೆ ಸವರಿದರೆ, ಬಣ್ಣ ಸವೆದು ಲೋಹ ಇಣುಕುತ್ತಿರುವಂತೆ ತೋರುತ್ತದೆ.

ಆದರೆ ಎಲ್ಲಿ ಸವೆತ, ಎಲ್ಲಿ ತುಕ್ಕು ಎಂಬುದನ್ನು ಮನಬಂದಂತೆ ನಿರ್ಧರಿಸುವಂತಿಲ್ಲ. ಕೈ ತಗಲುವಲ್ಲಿ ಬಣ್ಣ ಸವೆಯುತ್ತದೆ. ನೀರು ನಿಲ್ಲುವಲ್ಲಿ ತುಕ್ಕು ಹುಟ್ಟುತ್ತದೆ. ತುಕ್ಕಿನ ಕಲೆ ಕೆಳಮುಖವಾಗಿ ಇಳಿಯುತ್ತದೆ. ಇದನ್ನು ಅರಿಯಲು ಪುಸ್ತಕ ಬೇಡ. ಮನೆಯ ಹಿತ್ತಲಿನ ಹಳೆಯ ಕೊಡ, ಬಾವಿಯ ರಾಟೆ, ಶಾಲೆಯ ಕಬ್ಬಿಣದ ಗೇಟು – ಇವೇ ಗುರುಗಳು. ಒಂದು ವಸ್ತುವನ್ನು ಯಾರು ಹಿಡಿದಿದ್ದರು, ಎಷ್ಟು ಕಾಲ ಬಳಸಿದ್ದರು, ಅದು ಎಲ್ಲಿ ಬಿದ್ದಿತ್ತು ಎಂಬ ಕಥೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡವನ ಕುಂಚ ಮಾತ್ರ ಸರಿಯಾದ ಜಾಗದಲ್ಲಿ ಓಡುತ್ತದೆ.

ಎಚ್ಚರಿಕೆಯೂ ಅಗತ್ಯ. ಅಲಗನ್ನು ಯಾವಾಗಲೂ ದೇಹದಿಂದ ಆಚೆಗೆ ಎಳೆಯಬೇಕು. ವಾಸನೆ ಬೀರುವ ಅಂಟುಗಳನ್ನು ಗಾಳಿಯಾಡುವ ಕಡೆ ಬಳಸಬೇಕು. ಪಿ.ವಿ.ಸಿ. ಕೊಳವೆಗಳನ್ನು ಸುಟ್ಟರೆ ವಿಷಾನಿಲ ಹೊರಡುವುದರಿಂದ ಅವನ್ನು ಬೆಂಕಿಗೆ ಹಿಡಿಯಲೇಬಾರದು. ಬಿಸಿಯ ಕೆಲಸಕ್ಕೆ ಹಿರಿಯರು ಜೊತೆಗಿರಬೇಕು. ಇಂತಹ ಆಟಗಳಲ್ಲಿ ಆಯುಧಗಳೂ ಇರುತ್ತವೆ. ನಿಜವಾದ ಬಂದೂಕೆಂದು ಭ್ರಮೆ ಹುಟ್ಟಿಸುವ ವಸ್ತು ಅನಾಹುತಕ್ಕೆ ದಾರಿಯಾದೀತು. ಆಟಿಕೆಯ ಬಂದೂಕಿನ ತುದಿಗೆ ಎದ್ದುಕಾಣುವ ಕಿತ್ತಳೆಯ ಗುರುತು ಇರಬೇಕೆಂದು ಅಮೆರಿಕದ ಕಾನೂನು ವಿಧಿಸಿರುವುದು ಈ ಕಾರಣದಿಂದಲೇ.

ಹೀಗೆ ತಯಾರಾದ ಸೀಸೆ, ಪತ್ರ, ಕೈಯಂತ್ರಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಾಗ ಮಾಡಿದವರಿಗೆ ಸಂತೋಷವಾಗುವುದು ಸಹಜ. ಆದರೆ ಇಂತಹ ವಸ್ತುಗಳು ಕಲ್ಪನೆಯಲ್ಲಿ ಮಾತ್ರವಲ್ಲ, ಜಗತ್ತಿನಲ್ಲಿ ನಿಜವಾಗಿಯೂ ಇವೆ. 1945ರ ಆಗಸ್ಟ್ 6ರ ಬೆಳಗ್ಗೆ ಜಪಾನಿನ ಹಿರೋಷಿಮಾ ನಗರದ ಮೇಲೆ ಅಣುಬಾಂಬು ಬಿದ್ದಿತು. ಅಲ್ಲಿ 1955ರಲ್ಲಿ ತೆರೆದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ, ಆ ಉರಿಗೆ ಕರಗಿ ವಿಕಾರಗೊಂಡ ಗಾಜಿನ ಸೀಸೆಗಳನ್ನು ಇರಿಸಿದ್ದಾರೆ. 8 ಗಂಟೆ 15 ನಿಮಿಷಕ್ಕೆ ನಿಂತುಹೋದ ಕೈಗಡಿಯಾರವಿದೆ. ನಿಮಗಿಂತ ಕಿರಿಯನಾಗಿದ್ದ ಒಬ್ಬ ವಿದ್ಯಾರ್ಥಿಯ ಬುತ್ತಿಯ ಡಬ್ಬಿಯಿದೆ. ಅವನು ಉಣ್ಣದೆ ಉಳಿದ ಅನ್ನ ಅದರೊಳಗೆ ಇದ್ದಲಾಗಿದೆ. ಅವುಗಳಿಗೆ ಯಾವ ಕುಂಚವೂ ಮುಪ್ಪನ್ನು ತರಲಿಲ್ಲ.

ರಟ್ಟಿನಿಂದ ಮಾಡಿದ ಪಾಳುಲೋಕ ಬೇಸರವಾದ ದಿನ ಎತ್ತಿಡಬಹುದಾದ ಲೋಕ; ನಿಜವಾದ ಪಾಳನ್ನು ಹಾಗೆ ಎತ್ತಿಡಲಾಗದು. ಹಾಳಾದ ವಸ್ತುವಿನ ರೂಪವನ್ನು ತನ್ನ ಕೈಯಾರೆ, ತಾಳ್ಮೆಯಿಂದ ಮೂಡಿಸಿದವನಿಗೆ ಹಾಳಾಗದೆ ಉಳಿದಿರುವುದರ ಬೆಲೆ ಇತರರಿಗಿಂತ ಚೆನ್ನಾಗಿ ತಿಳಿದಿರಬೇಕು. ಕಸವೆಂದು ಎಸೆದುದರಲ್ಲಿ ಉಪಯೋಗವನ್ನು ಕಾಣುವ ಕಣ್ಣು, ಇಡೀ ಊರುಗಳನ್ನು ಕಸವಾಗಿಸುವ ಯುದ್ಧವನ್ನು ಎಂದಿಗೂ ಒಪ್ಪಲಾರದು.