ಗಂಟಿಗೆ ಕತ್ತಿ ಹಾಕುವ ಮುನ್ನ

ತೊಡೆಯಲ್ಲೋ ಭುಜದಲ್ಲೋ ಒಂದು ಗಂಟು. ನೋವಿಲ್ಲ, ಜ್ವರವಿಲ್ಲ. 'ಕೊಬ್ಬಿನ ಗಂಟು, ಬಿಡು' ಎನ್ನುತ್ತಾರೆ ಮನೆಯವರು. ಬಹುಪಾಲು ಸಲ ಅವರ ಮಾತೇ ನಿಜವಾಗಿರುತ್ತದೆ. ಇಂಥ ನೂರು ಗಂಟುಗಳಲ್ಲಿ ಎಲ್ಲೋ ಒಂದು ಮಾತ್ರ ಸಾರ್ಕೋಮಾ ಎಂಬ ಕ್ಯಾನ್ಸರ್ ಆಗಿದ್ದೀತು. ತೊಂದರೆ ಇರುವುದು ಇಲ್ಲಿಯೇ. ಆ ಒಂದು ಗಂಟನ್ನೂ ಉಳಿದ ತೊಂಬತ್ತೊಂಬತ್ತರಂತೆಯೇ ಅರ್ಧ ಗಂಟೆಯಲ್ಲಿ ಕೊಯ್ದು ತೆಗೆದುಬಿಟ್ಟರೆ ಮುಂದೆ ಬರುವ ತಜ್ಞರು ಎಷ್ಟೇ ನಿಪುಣರಾದರೂ ಕೆಟ್ಟದ್ದನ್ನು ಸರಿಪಡಿಸುವ ಕೆಲಸವಷ್ಟೇ ಅವರಿಗೆ ಉಳಿಯುತ್ತದೆ.

ಗ್ರೀಕ್ ಭಾಷೆಯಲ್ಲಿ 'ಸಾರ್ಕ್ಸ್' ಎಂದರೆ ಮಾಂಸ. ನಾವು ಹೆಚ್ಚಾಗಿ ಕೇಳುವ ಬಾಯಿ, ಸ್ತನ, ಗರ್ಭಕಂಠಗಳ ಕ್ಯಾನ್ಸರ್ ಸಾಮಾನ್ಯವಾಗಿ ಅಂಗಗಳ ಒಳಪದರದಲ್ಲಿ ಹುಟ್ಟಿದರೆ, ಸಾರ್ಕೋಮಾ ಹುಟ್ಟುವುದು ಮಾಂಸಖಂಡ, ಕೊಬ್ಬು, ರಕ್ತನಾಳ, ಮೂಳೆಗಳಲ್ಲಿ. ದೊಡ್ಡವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಸುಮಾರು ಶೇಕಡಾ 1. ಅಷ್ಟರಲ್ಲೇ 70ಕ್ಕೂ ಹೆಚ್ಚು ಬಗೆಗಳು. ಸಾಮಾನ್ಯ ಶಸ್ತ್ರವೈದ್ಯರೊಬ್ಬರು ತಮ್ಮ ಇಡೀ ವೃತ್ತಿಜೀವನದಲ್ಲಿ ಇಂಥ ಕೆಲವೇ ರೋಗಿಗಳನ್ನು ಕಂಡಾರು.

ಈ ರೋಗಕ್ಕೆ ಚಿಕಿತ್ಸೆ ಹೇಗಿರಬೇಕೆಂದು ಯುರೋಪ್, ಅಮೆರಿಕಗಳ ತಜ್ಞರ ಸಂಘಗಳು ಬರೆದಿಟ್ಟ ಮಾರ್ಗಸೂಚಿಗಳಿವೆ. ಅವುಗಳ ತಿರುಳು ಬಹಳ ಸರಳ. ಮೊದಲು ಸ್ಕ್ಯಾನ್. ಆಮೇಲೆ ಸೂಜಿಯಿಂದ ಚೂರು ತೆಗೆದು ಬಯಾಪ್ಸಿ. ಆ ಚೂರನ್ನು ಸಾರ್ಕೋಮಾ ನೋಡಿ ಪಳಗಿದ ಪೆಥಾಲಜಿ ತಜ್ಞರು ಪರೀಕ್ಷಿಸಬೇಕು. ಶಸ್ತ್ರವೈದ್ಯರು, ವಿಕಿರಣ ತಜ್ಞರು, ಔಷಧ ಚಿಕಿತ್ಸೆಯ ತಜ್ಞರು ಒಟ್ಟಿಗೆ ಕುಳಿತು ಯೋಜನೆ ಹಾಕಬೇಕು. ಕತ್ತಿ ಹಿಡಿಯುವುದು ಇಷ್ಟೆಲ್ಲ ಆದ ಮೇಲೆ.

ಇಷ್ಟು ಸಡಗರವೇಕೆ ಎಂದು ಕೇಳಬಹುದು. ಸಾರ್ಕೋಮಾ ಬೆಳೆಯುತ್ತ ಸುತ್ತಲಿನ ಅಂಗಾಂಶವನ್ನು ಒತ್ತಿ ತನಗೊಂದು ಹೊದಿಕೆ ಮಾಡಿಕೊಳ್ಳುತ್ತದೆ. ನೋಡಲು ಅಚ್ಚುಕಟ್ಟಾದ ಚೀಲದಂತೆಯೇ ಇರುತ್ತದೆ. ಹಲಸಿನ ತೊಳೆ ಬಿಡಿಸಿದ ಹಾಗೆ ಗಂಟು ಸಲೀಸಾಗಿ ಹೊರಬರುತ್ತದೆ, ವೈದ್ಯರಿಗೂ ತೃಪ್ತಿ, ರೋಗಿಗೂ ಸಮಾಧಾನ. ಆದರೆ ಆ ಹೊದಿಕೆಯಲ್ಲಿ, ಅದರಾಚೆಗೂ ಕ್ಯಾನ್ಸರ್ ಕಣಗಳು ಉಳಿದಿರುತ್ತವೆ. ಆದ್ದರಿಂದ ಗಂಟನ್ನು ಸುತ್ತಲಿನ ಒಳ್ಳೆಯ ಮಾಂಸದ ಸಮೇತ, ಅದು ಕಣ್ಣಿಗೆ ಕಾಣದಂತೆಯೇ ತೆಗೆಯಬೇಕು. ಸೂಜಿ ಹೋದ ದಾರಿಯೂ ಲೆಕ್ಕಕ್ಕೆ ಬರುತ್ತದೆ. ಕೈಕಾಲುಗಳಲ್ಲಿ ಉದ್ದುದ್ದಕ್ಕೆ ಕೊಯ್ಯಬೇಕಾದಲ್ಲಿ ಅಡ್ಡಡ್ಡ ಕೊಯ್ದರೆ, ಕಲುಷಿತವಾದ ಅಷ್ಟು ಭಾಗವನ್ನೂ ಮುಂದೆ ತೆಗೆಯಬೇಕಾಗುತ್ತದೆ. ಸಾಮಾನ್ಯ ಗಂಟೆಂದು ತೆಗೆದ ಮೇಲೆ ಪ್ರಯೋಗಾಲಯದ ವರದಿ ನೋಡಿ ಬೆಚ್ಚಿಬೀಳುವಂತಾದರೆ ಅಂಥ ಶಸ್ತ್ರಕ್ರಿಯೆಯನ್ನು ವೈದ್ಯರು ತಮ್ಮತಮ್ಮಲ್ಲಿ 'ವೂಪ್ಸ್' ಎಂದು ಕರೆಯುವುದುಂಟು. ನಮ್ಮ ಮಾತಿನಲ್ಲಿ 'ಅಯ್ಯೋ, ಎಡವಟ್ಟಾಯಿತು!' ಹೆಸರು ತಮಾಷೆಯಾಗಿದೆ, ಅನುಭವಿಸುವವರಿಗೆ ಅಲ್ಲ.

ಹಿಂದೆ ಕೈಗೋ ಕಾಲಿಗೋ ಸಾರ್ಕೋಮಾ ಬಂತೆಂದರೆ ಅಂಗವನ್ನೇ ಕತ್ತರಿಸುವುದು ವಾಡಿಕೆಯಾಗಿತ್ತು. ಅದು ಅನಿವಾರ್ಯವಲ್ಲ ಎಂದು ತೋರಿಸಿದ್ದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1982ರಲ್ಲಿ ಪ್ರಕಟಿಸಿದ ಪ್ರಯೋಗ. 43 ರೋಗಿಗಳಲ್ಲಿ 16 ಮಂದಿಗೆ ಅಂಗಚ್ಛೇದನ. 27 ಮಂದಿಗೆ ಅಂಗ ಉಳಿಸಿ ಶಸ್ತ್ರಕ್ರಿಯೆ, ಜೊತೆಗೆ ವಿಕಿರಣ. ಬದುಕಿ ಉಳಿದವರ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಅದೇ 1982ರಲ್ಲಿ ಬಾಸ್ಟನ್ನಿನ ಮೂಳೆವೈದ್ಯ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು ಇನ್ನೊಂದು ಲೆಕ್ಕ ಹೊರಗಿಟ್ಟರು. ಮೂಳೆ ಮತ್ತು ಮೃದು ಅಂಗಾಂಶದ ಕ್ಯಾನ್ಸರ್ ಇದ್ದ 329 ರೋಗಿಗಳ ಬಯಾಪ್ಸಿ ಹೇಗೆ ನಡೆದಿತ್ತೆಂಬ ಲೆಕ್ಕ ಅದು. ಶೇ. 18.2ರಷ್ಟು ಪ್ರಕರಣಗಳಲ್ಲಿ ರೋಗನಿರ್ಣಯವೇ ದೊಡ್ಡದಾಗಿ ತಪ್ಪಿತ್ತು. ಶೇ. 4.5ರಷ್ಟು ರೋಗಿಗಳು ಬಯಾಪ್ಸಿಯ ಎಡವಟ್ಟಿನಿಂದ, ಬೇಕಿಲ್ಲದಿದ್ದರೂ ಅಂಗ ಕಳೆದುಕೊಂಡಿದ್ದರು. ತಜ್ಞರ ಕೇಂದ್ರಕ್ಕೆ ಕಳಿಸುವ ಮುನ್ನ ಬೇರೆ ಆಸ್ಪತ್ರೆಗಳಲ್ಲಿ ಬಯಾಪ್ಸಿ ಮಾಡಿಸಿಕೊಂಡವರಲ್ಲೇ ಈ ಅನಾಹುತಗಳು ಹೆಚ್ಚು. ಅಂಗ ಉಳಿಸುವ ವಿದ್ಯೆ ಕೈಗೆ ಬಂದ ವರ್ಷವೇ, ಅದು ಕೈತಪ್ಪುವ ದಾರಿಯೂ ಗೊತ್ತಾಯಿತು.

ಎಚ್ಚರಿಕೆ ಕೊಟ್ಟ ಮೇಲೆ ಸುಧಾರಿಸಿರಬೇಕಲ್ಲವೇ? 14 ವರ್ಷಗಳ ನಂತರ, 1996ರಲ್ಲಿ, ಮ್ಯಾಂಕಿನ್ ತಂಡ 597 ರೋಗಿಗಳ ಲೆಕ್ಕ ತೆಗೆಯಿತು. ರೋಗನಿರ್ಣಯದ ತಪ್ಪು ಶೇ. 17.8. ಅನಗತ್ಯವಾಗಿ ಅಂಗ ಕಳೆದುಕೊಂಡವರು 18 ಮಂದಿ. ಅಂದರೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಓದಬೇಕಾದವರಿಗೆ ಮೊದಲ ಲೇಖನ ತಲುಪಲೇ ಇಲ್ಲವೇನೋ. ಮೂಳೆ ಗೆಡ್ಡೆಯ ತಜ್ಞರು ಓದಿರುತ್ತಾರೆ. ಆದರೆ ರೋಗಿ ಮೊದಲು ಹೋಗುವುದು ಅವರ ಬಳಿಗಲ್ಲ.

ಫ್ರಾನ್ಸಿನ ಲಿಯೋನ್ ನಗರವಿರುವ ರೋನ್-ಆಲ್ಪ್ ಪ್ರಾಂತದಲ್ಲಿ 100 ರೋಗಿಗಳ ಕಡತಗಳನ್ನು ಮಾರ್ಗಸೂಚಿಯ ಪಕ್ಕದಲ್ಲಿಟ್ಟು ಸಾಲುಸಾಲಾಗಿ ತಾಳೆ ನೋಡಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೊದಲ ಶಸ್ತ್ರಕ್ರಿಯೆ ನಿಯಮದಂತೆ ನಡೆದಿದ್ದು ಸುಮಾರು ಅರ್ಧದಷ್ಟು ಜನರಿಗೆ. ವಿಕಿರಣ, ಔಷಧ ಚಿಕಿತ್ಸೆಗಳಲ್ಲಿ ಪಾಲನೆ ಅದಕ್ಕಿಂತ ಎಷ್ಟೋ ಮೇಲು. ಆರಂಭದಿಂದ ಕೊನೆಯವರೆಗೆ ಎಲ್ಲವೂ ಸೂಚಿಯಂತೆ ನಡೆದವರು ಮೂರರಲ್ಲಿ ಒಬ್ಬರಷ್ಟೇ. ಚಿಕಿತ್ಸೆಗೆ ಮುನ್ನ ತಜ್ಞರ ಸಭೆಯಲ್ಲಿ ಚರ್ಚೆಯಾಗಿದ್ದರೆ ಪಾಲನೆಯೂ ಚೆನ್ನಾಗಿತ್ತು.

ಹಾಗೆಂದು ಸೂಚಿ ಮೀರಿದ್ದೆಲ್ಲ ತಪ್ಪು ಎನ್ನಲಾಗದು. ಎಂಬತ್ತು ದಾಟಿದ ಹೃದ್ರೋಗಿಗೆ ಪುಸ್ತಕದಲ್ಲಿರುವಷ್ಟನ್ನೂ ಮಾಡಿದರೆ ರೋಗಿಯೇ ಉಳಿಯಲಿಕ್ಕಿಲ್ಲ. ಕೆಲವೆಡೆ ಸೂಚಿಯೇ ಎರಡು ಬಾಗಿಲು ತೆರೆದಿಡುತ್ತದೆ. ವಿಕಿರಣವನ್ನು ಶಸ್ತ್ರಕ್ರಿಯೆಗೆ ಮುಂಚೆ ಕೊಡಬೇಕೋ ನಂತರವೋ? 2002ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ, ಮುಂಚೆ ಕೊಟ್ಟಾಗ ಗಾಯ ಮಾಯುವ ತೊಂದರೆ ಶೇ. 35, ನಂತರ ಕೊಟ್ಟಾಗ ಶೇ. 17. ಆದರೆ ನಂತರ ಕೊಡಬೇಕಾದ ಪ್ರಮಾಣ ಹೆಚ್ಚು. ವರ್ಷಗಳು ಕಳೆದ ಮೇಲೆ ಅಂಗ ಬಿಗಿದುಕೊಳ್ಳುವ ಭಯವೂ ಹೆಚ್ಚು. ಶಸ್ತ್ರಕ್ರಿಯೆಯ ನಂತರದ ಔಷಧ ಚಿಕಿತ್ಸೆಯ ಬಗ್ಗೆಯಂತೂ ತಜ್ಞರಲ್ಲೇ ಒಮ್ಮತವಿಲ್ಲ. ಇವು ತಿಳಿದವರ ಭಿನ್ನಾಭಿಪ್ರಾಯಗಳು. ಸ್ಕ್ಯಾನ್ ಇಲ್ಲದೆ, ಬಯಾಪ್ಸಿ ಇಲ್ಲದೆ ಕೊಯ್ಯುವುದನ್ನು ಈ ಸಾಲಿಗೆ ಸೇರಿಸುವಂತಿಲ್ಲ.

ಕೆಲವು ದೇಶಗಳು ರೋಗಿಯನ್ನು ಮೊದಲೇ ಸರಿಯಾದ ಬಾಗಿಲಿಗೆ ತಲುಪಿಸಲು ಹೊರಟವು. ಬ್ರಿಟನ್ನಿನ 'ನೈಸ್' ಸಂಸ್ಥೆ 2006ರಲ್ಲಿ, ಮೃದು ಅಂಗಾಂಶದ ಸಾರ್ಕೋಮಾ ನೋಡಿಕೊಳ್ಳುವ ತಂಡ ವರ್ಷಕ್ಕೆ ಕನಿಷ್ಠ 100 ಹೊಸ ರೋಗಿಗಳನ್ನು ಕಾಣಬೇಕೆಂದಿತು. ಗಂಟು 5 ಸೆಂಟಿಮೀಟರ್ ದಾಟಿದ್ದರೆ, ಆಳದಲ್ಲಿದ್ದರೆ, ಬೆಳೆಯುತ್ತಿದ್ದರೆ, ನೋವಿದ್ದರೆ, ತೆಗೆದ ಮೇಲೆ ಮತ್ತೆ ಬಂದರೆ ಶಂಕಿಸಿ ಎಂಬುದು ಅಲ್ಲಿನ ಕುಟುಂಬ ವೈದ್ಯರಿಗಿದ್ದ ಸೂಚನೆ. ನಮ್ಮಲ್ಲಿ 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್, ದೇಶದ ಕ್ಯಾನ್ಸರ್ ಆಸ್ಪತ್ರೆಗಳಿಗೆ ಏಕರೂಪದ ಚಿಕಿತ್ಸಾ ಸೂಚಿಗಳನ್ನು ರೂಪಿಸುತ್ತಿದೆ.

ಫ್ರಾನ್ಸಿನವರು 26 ಕೇಂದ್ರಗಳ ಜಾಲವನ್ನೇ ಕಟ್ಟಿದರು. 2010ರಿಂದ 2014ರವರೆಗೆ ಅಲ್ಲಿನ ತಜ್ಞರ ಸಭೆಗಳ ಮುಂದೆ ಬಂದ 12,528 ರೋಗಿಗಳ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆ ಮುನ್ನವೇ ಸಭೆಗೆ ಬಂದವರಿಗೆ ಸ್ಕ್ಯಾನ್, ಬಯಾಪ್ಸಿಗಳು ನಿಯಮದಂತೆ ಹೆಚ್ಚು ನಡೆದಿದ್ದವು, ಎರಡನೆಯ ಸಲ ಕೊಯ್ಯಬೇಕಾದ ಪ್ರಸಂಗಗಳು ಕಡಿಮೆ, ರೋಗ ಮರುಕಳಿಸುವುದೂ ಕಡಿಮೆ. ಆದರೆ ಹಾಗೆ ಮುಂಚಿತವಾಗಿ ಬಂದವರು 5,281 ಮಂದಿ. ಉಳಿದ 7,247 ಮಂದಿಯ ಕಡತ ಸಭೆಯ ಮೇಜಿಗೆ ಬರುವ ಹೊತ್ತಿಗೆ ಚಿಕಿತ್ಸೆ ಆಗಲೇ ಶುರುವಾಗಿತ್ತು.