ಎಡವಿದವನ ಕೈಹಿಡಿಯುವ ಸ್ಥಿತಿಕರಣ

ಶ್ರಾವಕಧರ್ಮದ ಮೊದಲ ಮೆಟ್ಟಿಲಲ್ಲಿಯೇ ಮದ್ಯತ್ಯಾಗವಿದೆ. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ನಿರೂಪಿಸಿದ ಅಷ್ಟಮೂಲಗುಣಗಳಲ್ಲಿ ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವೂ ಸೇರಿದೆ. ಹುದುಗಿಸಿದ ಮದ್ಯದಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳ ಹಿಂಸೆಯಿದೆ ಎಂಬುದು ಇದಕ್ಕೆ ಒಂದು ಕಾರಣ. ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಧರ್ಮ ಮರೆತವನು ಅಳುಕಿಲ್ಲದೆ ಹಿಂಸೆಗೆ ಇಳಿಯುತ್ತಾನೆ ಎಂಬುದು ಆಚಾರ್ಯ ಅಮೃತಚಂದ್ರರು ತೋರಿದ ಇನ್ನೊಂದು ಕಾರಣ.

ಈ ಉಪದೇಶವನ್ನು ಬಾಲ್ಯದಿಂದಲೇ ಕೇಳಿದ ಮನೆಗಳಲ್ಲಿಯೂ ಕುಡಿತಕ್ಕೆ ಸಿಲುಕಿದವರಿದ್ದಾರೆ. ಅಂಥವನು ಮೊದಲು ಬಿಡುವುದು ಬಸದಿಯನ್ನು. ದಶಲಕ್ಷಣ ಪರ್ವದ ದಿನಗಳಲ್ಲಿ ಊರಲ್ಲಿರದಿರಲು ನೆಪ ಹುಡುಕುತ್ತಾನೆ. ನೆಂಟರು ಬಂದರೆ ‘ಅವರಿಗೆ ಮೈ ಸರಿಯಿಲ್ಲ’ ಎಂದು ಮನೆಯವರು ಬಾಗಿಲು ಮುಂದೂಡುತ್ತಾರೆ. ಕುಡಿತದಷ್ಟೇ ನಾಚಿಕೆಯೂ ಅವನನ್ನು ಧರ್ಮದಿಂದ ದೂರ ಒಯ್ಯುತ್ತದೆ.

ಇಂಥವನ ವಿಷಯದಲ್ಲಿ ಧರ್ಮವಂತರ ಕರ್ತವ್ಯವೇನು? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಎರಡು ಇದಕ್ಕೆ ಉತ್ತರ ನೀಡುತ್ತವೆ. ಒಂದು ಉಪಗೂಹನ, ಇನ್ನೊಂದು ಸ್ಥಿತಿಕರಣ.

ಉಪಗೂಹನಕ್ಕೆ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ಪ್ರಸಿದ್ಧ. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನೊಬ್ಬ ಶ್ರೇಷ್ಠಿಯ ಜಿನಾಲಯದ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ಧರ್ಮಕ್ಕೆ ನಿಂದೆ ಬಾರದಿರಲೆಂದು ಶ್ರೇಷ್ಠಿಯು ‘ನಾನೇ ತರಹೇಳಿದ್ದೆ’ ಎಂದನು. ಆದರೆ ಏಕಾಂತದಲ್ಲಿ ಅವನನ್ನು ಹಾಗೆಯೇ ಬಿಡಲಿಲ್ಲ. ರಾತ್ರಿಯೇ ಹೊರಗೆ ಕಳುಹಿಸಿದನು. ಬೀದಿಯಲ್ಲಿ ಮಾನ ಕಾಯುವುದು ಬೇರೆ, ಮನೆಯೊಳಗೆ ದೋಷವನ್ನು ಪೋಷಿಸುವುದು ಬೇರೆ. ಕುಡಿತವನ್ನು ಮುಚ್ಚಿಟ್ಟು ಅದು ಬೆಳೆಯಲು ಬಿಡುವುದು ಉಪಗೂಹನವಲ್ಲ.

ಸ್ಥಿತಿಕರಣವೆಂದರೆ ದರ್ಶನದಿಂದಲೋ ಚಾರಿತ್ರದಿಂದಲೋ ಜಾರುತ್ತಿರುವವರನ್ನು ಮರಳಿ ನೆಲೆಗೊಳಿಸುವುದು. ಶ್ರೇಣಿಕ ಮಹಾರಾಜನ ಮಗ ವಾರಿಷೇಣ ಮುನಿಯ ಗೆಳೆಯ ಪುಷ್ಪಡಾಲನು ದೀಕ್ಷೆ ಪಡೆದಿದ್ದರೂ ಮನಸ್ಸನ್ನು ಮನೆಯಲ್ಲಿದ್ದ ಹೆಂಡತಿಯಲ್ಲಿಯೇ ಇಟ್ಟಿದ್ದನು. ವಾರಿಷೇಣನು ಅವನನ್ನು ಗದರಿಸಲಿಲ್ಲ. ತನ್ನ ಅರಮನೆಗೆ ಕರೆದೊಯ್ದು, ತಾನು ತೊರೆದ ವೈಭವವನ್ನೂ ಪತ್ನಿಯರನ್ನೂ ಕಣ್ಣೆದುರು ನಿಲ್ಲಿಸಿದನು. ಗೆಳೆಯ ನಾಚಿ ತಪಸ್ಸಿನಲ್ಲಿ ದೃಢನಾದನು. ಬಿಡಬೇಕಾದವನಿಗೆ ಬಿಟ್ಟವನೇ ಆಧಾರವಾದನು.

ಇದೇ ಸತ್ಯವನ್ನು ದೂರದೇಶದ ಇಬ್ಬರು ತಮ್ಮ ಅನುಭವದಿಂದ ಕಂಡುಕೊಂಡರು. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಭೇಟಿಯಾದ ಬಿಲ್ ವಿಲ್ಸನ್ ಮತ್ತು ವೈದ್ಯ ಬಾಬ್ ಸ್ಮಿತ್ ಇಬ್ಬರೂ ಕುಡಿತದಿಂದ ಬೆಂದವರು. ಒಬ್ಬನು ತನ್ನ ಕಥೆಯನ್ನು ಇನ್ನೊಬ್ಬನಿಗೆ ಹೇಳಿದಾಗ ಇಬ್ಬರಿಗೂ ಬಲ ಬಂದಿತು. ಆ ಭೇಟಿಯಿಂದ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟಗಳು ಇಂದು ಕರ್ನಾಟಕದಲ್ಲಿಯೂ ನಡೆಯುತ್ತಿವೆ. ಅಲ್ಲಿ ಶುಲ್ಕವಿಲ್ಲ, ಕುಡಿತ ಬಿಡುವ ಬಯಕೆಯೊಂದೇ ಅರ್ಹತೆ. ಬಂದವನು ಬರಿಯ ಹೆಸರು ಹೇಳಿದರೆ ಸಾಕು, ಮೊದಲ ದಿನ ಮೌನವಾಗಿ ಕುಳಿತರೂ ಸರಿ. ಕೇಳಿದ್ದನ್ನು ಹೊರಗೆ ಆಡಬಾರದೆಂಬ ನಿಯಮದಲ್ಲಿ ಉಪಗೂಹನವಿದೆ. ತನ್ನ ದೋಷವನ್ನು ಮತ್ತೊಬ್ಬರೆದುರು ನಿವೇದಿಸುವುದರಲ್ಲಿ ಆಲೋಚನೆಯ ಛಾಯೆಯಿದೆ. ನೋಯಿಸಿದವರ ಬಳಿಗೆ ಹೋಗಿ ಸರಿಪಡಿಸುವುದರಲ್ಲಿ ಕ್ಷಮಾಪಣೆಯಿದೆ.

‘ಇಂದು ಒಂದು ದಿನ ಕುಡಿಯುವುದಿಲ್ಲ’ ಎಂಬ ಅವರ ಸಂಕಲ್ಪವೂ ಜೈನರಿಗೆ ಅಪರಿಚಿತವಲ್ಲ. ಜೀವನಪರ್ಯಂತದ ತ್ಯಾಗ ಯಮ, ಕಾಲಮಿತಿಯ ತ್ಯಾಗ ನಿಯಮ ಎಂದು ಸಮಂತಭದ್ರರು ವಿಂಗಡಿಸಿದ್ದಾರೆ. ‘ಇನ್ನೆಂದೂ ಮುಟ್ಟೆ’ ಎಂದು ಹತ್ತಾರು ಸಲ ಆಣೆಯಿಟ್ಟು ಸೋತವನು ಒಂದು ಹಗಲು, ಒಂದು ಇರುಳಿನ ನಿಯಮವನ್ನು ಹಿಡಿದು ಯಮದ ಕಡೆಗೆ ನಡೆಯಬಹುದು.

ಆ ಕೂಟಗಳ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಸೃಷ್ಟಿಕರ್ತನನ್ನು ಒಪ್ಪದ ಜೈನನು ಇದರಿಂದ ಹಿಂಜರಿಯಬೇಕಿಲ್ಲ. ಪ್ರತಿಯೊಬ್ಬನೂ ತಾನು ಅರಿತಂತೆ ಎಂಬ ಅವಕಾಶ ಅಲ್ಲಿದೆ. ಅರಿಹಂತ, ಸಿದ್ಧ, ಸಾಧು, ಕೇವಲಿಪ್ರಣೀತ ಧರ್ಮ ಎಂಬ ನಾಲ್ಕು ಶರಣುಗಳು ಅವನಿಗಿವೆ. ನಡೆಯಬೇಕಾದವನು ಮಾತ್ರ ಅವನೇ.

ಆದರೆ ಒಂದು ಎಚ್ಚರ ಅಗತ್ಯ. ದೀರ್ಘಕಾಲ ಹೆಚ್ಚಾಗಿ ಕುಡಿದವನು ಹಠಾತ್ತನೆ ನಿಲ್ಲಿಸಿದರೆ ನಡುಕ, ಫಿಟ್ಸ್, ಬುದ್ಧಿಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸಾ ವಿಭಾಗವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಉಚಿತ. ಹತ್ತಿರದ ಕೂಟದ ವಿವರವನ್ನು ವೈದ್ಯರಲ್ಲಿ ಕೇಳಬಹುದು. ‘ಮುಕ್ತ ಸಭೆ’ಗೆ ಮನೆಯವರೂ ಹೋಗಬಹುದು, ಕುಟುಂಬದವರಿಗೆ ‘ಅಲ್-ಅನಾನ್’ ಎಂಬ ಪ್ರತ್ಯೇಕ ಕೂಟವಿದೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ಹಳ್ಳಿಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳೂ, ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಗಳೂ ಇದೇ ದಾರಿಯವು. ಒಂದು ಕೂಟ ಮನಸ್ಸಿಗೆ ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಬೇಕೇ ಹೊರತು ಮನೆಗೆ ಮರಳಿ ಬಾಗಿಲು ಹಾಕಿಕೊಳ್ಳಬಾರದು.

ನಡುವೆ ಮತ್ತೆ ಎಡವಿದರೆ? ವ್ರತಭಂಗವಾದ ಮುನಿಗೂ ಪ್ರಾಯಶ್ಚಿತ್ತದ ಮೂಲಕ ಮತ್ತೆ ವ್ರತದಲ್ಲಿ ನೆಲೆಗೊಳ್ಳುವ ಛೇದೋಪಸ್ಥಾಪನೆಯ ಮಾರ್ಗವನ್ನು ಜಿನಶಾಸನ ತೆರೆದಿಟ್ಟಿದೆ. ಶ್ರಾವಕನಿಗೆ ಅದು ಹೇಗೆ ಮುಚ್ಚೀತು? ಎಡವಿದ ಮರುದಿನವೇ ಅವನು ಕೂಟಕ್ಕೆ ಹೋಗಲಿ. ಅವನು ಹಿಂತಿರುಗುವಾಗ ಮನೆಯಲ್ಲಿ ಮೂದಲಿಕೆಯ ಬದಲು ಊಟ ಕಾದಿರಲಿ, ಬಸದಿಯಲ್ಲಿ ಅವನ ಜಾಗ ಖಾಲಿಯಿರಲಿ. ವಾತ್ಸಲ್ಯವೂ ಸಮ್ಯಗ್ದರ್ಶನದ ಅಂಗವೇ.